ಮೂವತ್ತು ಬಿಲ್ಲೆಗಳ ಮಾಮ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರೇ ಬೈಯುತ್ತಿದ್ದರು. "ಎಸ್ರು ಕಟ್ಕೊಂಡು ಏನಾಗ್ಬೇಕಮ್ಮಣ್ಣಿ? ಎಣಿಕೆ ಸರಿ ಇದ್ರೆ ಸಾಕು" ಎನ್ನುವುದು ಅವರ ಮಾತು. ಬಂಗಾರಪೇಟೆಯ ನಮ್ಮ ರೇಡಿಯೊ ರಿಪೇರಿ ಅಂಗಡಿಯ ರಸೀದಿ ಪುಸ್ತಕದಲ್ಲೂ ಅವರು ಹೆಸರು ಬರೆಸಲಿಲ್ಲ, ಕೋಲಾರದ ಚಿನ್ನದ ಗಣಿಯಲ್ಲಿ ತಮಗಿದ್ದ ನಂಬರನ್ನೇ ಬರೆಸಿದರು. ನಾನು ಮಾಮ ಅನ್ನುತ್ತಿದ್ದೆ. ಇಲ್ಲೂ ಅಷ್ಟೇ ಸಾಕು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ದಿನಗಳು. ಅಪ್ಪನ ಕಣ್ಣಿಗೆ ಪೊರೆ ಬಂದು ಸೋಲ್ಡರಿಂಗ್ ಐರನ್ ನನ್ನ ಕೈಗೆ ಬಂದಿತ್ತು. ಸ್ಟೇಷನ್ ರಸ್ತೆಯ ಆ ಪುಟ್ಟ ಅಂಗಡಿಗೆ ಬಂದವರೆಲ್ಲ ನನ್ನ ತಲೆಯ ಮೇಲಿಂದ ಒಳಗೆ ಇಣುಕಿ "ಅಪ್ಪ ಇಲ್ವೇನಮ್ಮಾ?" ಎಂದು ಕೇಳುವವರೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾಗೆ ಕೇಳದ ಮೊದಲ ಗಿರಾಕಿ ಈ ಮಾಮ. ಚಾಂಪಿಯನ್ ರೀಫ್ಸ್ ಕಡೆಯಿಂದ ಬರುವ ಮಧ್ಯಾಹ್ನದ ರೈಲಿಳಿದು ಬಂದು, ಹೆಗಲ ಮೇಲಿನ ಟವೆಲ್ಲಿನಲ್ಲಿ ಸುತ್ತಿದ್ದ ಏನನ್ನೋ ಮೇಜಿನ ಮೇಲಿಟ್ಟು, "ನೋಡಮ್ಮಣ್ಣಿ, ಬೆಳಕು ಕಮ್ಮಿ ಆಗೈತೆ. ಒಳಗೆ ಜನ ಅವ್ರೆ, ಉಷಾರು" ಎಂದರು.

ಟವೆಲ್ ಬಿಚ್ಚಿದರೆ ಅಂಗೈಯಗಲದ ವೀಡಿಯೊ ಗೇಮ್. ಇಟ್ಟಿಗೆಯ ಹಾಗೆ ದಪ್ಪಗಿತ್ತು. ಬೆನ್ನಿಗೆ ನಾಲ್ಕು ಪೆನ್ಸಿಲ್ ಸೆಲ್ಲು, ತಲೆಯ ಮೇಲೆ ಸಿಕ್ಕಿಸುವ ಒಂದು ಚಿಕ್ಕ ಕ್ಯಾಸೆಟ್. ಅರವತ್ತಕ್ಕೆ ಹತ್ತಿರ ಬಂದ, ಕಿವಿಯಲ್ಲಿ ಕೂದಲು ಬೆಳೆದ ಮನುಷ್ಯ ಇದನ್ನು ಮೊಮ್ಮಗುವಿಗಾಗಿ ತಂದಿರಬೇಕು ಎಂದುಕೊಂಡೆ. ಸೆಲ್ ಕೂರುವ ಸ್ಪ್ರಿಂಗಿಗೆ ಕಿಲುಬು ಹಿಡಿದಿತ್ತು. ಉಜ್ಜಿ ಕೊಟ್ಟೆ. ಮಾಮ ಸ್ವಿಚ್ ಒತ್ತಿ, ಪರದೆಯನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಅದರೊಳಗಿದ್ದ ಹೆಗ್ಗಣದಂಥ ಒಂದು ಪ್ರಾಣಿಗೆ "ಬಂದೇನ್ಲಾ ಲ್ಯಾಂಪು? ಎದರ್ಕೊಂಡ್ಯಾ?" ಎಂದು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ಅದು ವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕುವ ಆಟ. ಕಾಡು, ಕೆರೆ, ಗುಹೆ ಸುತ್ತಬೇಕು. ಸಿಕ್ಕ ರಾಕ್ಷಸ ಮರಿಗಳನ್ನು ಹಿಡಿಯಬೇಕು, ಕಾದಾಡಿಸಬೇಕು. ಕಾದಾಡಿದಷ್ಟೂ ಅವು ಬಲಿಯುತ್ತವೆ, ಒಂದು ಹಂತಕ್ಕೆ ಬಂದಾಗ ರೂಪವೇ ಬದಲಾಗಿ ದೊಡ್ಡವಾಗುತ್ತವೆ. ಊರೂರಿಗೆ ಒಬ್ಬ ಗುರು ಇರುತ್ತಾನೆ, ಅವನನ್ನು ಸೋಲಿಸಿದರೆ ಮುಂದಿನ ಊರು. ಹಡಗಿನಲ್ಲಿ ಕೆಲಸಕ್ಕಿದ್ದ ಮಾಮನ ತಂಗಿಯ ಮಗ ಎಲ್ಲೋ ಬಂದರಿನಲ್ಲಿ ಕೊಂಡು, ರಜೆಗೆ ಬಂದಾಗ ಇವರ ಮನೆಯಲ್ಲಿ ಬಿಟ್ಟುಹೋಗಿದ್ದ. ಆಟದ ಮಾತೆಲ್ಲ ಜಪಾನಿ ಅಕ್ಷರ. ಮಾಮನಿಗೆ ಅದು ಅಡ್ಡಿಯೇ ಆಗಿರಲಿಲ್ಲ. "ಮ್ಯಾಲಿಂದ ಮೂರ್ನೇದು ಒತ್ತಿದ್ರೆ ಚೀಲ, ಐದ್ನೇದು ಒತ್ತಿದ್ರೆ ಬರ್ದು ಇಟ್ಕೊಳ್ತದೆ. ಓದೋಕೆ ಏನೈತೆ? ಗಣಿಯಾಗೆ ಗಂಟೆ ಒಡೆದ್ರೆ ಯಾವ ಬಾಸೆ ಅಂತ ಕೇಳ್ತಾರಾ?" ಎಂದರು.

ಬೇತಮಂಗಲದ ಹತ್ತಿರದ ಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿ, ಇಪ್ಪತ್ತು ತುಂಬುವ ಮೊದಲೇ ಗಣಿ ಸೇರಿದವರು. ಗಣಿಯ ಆಳಕ್ಕಿಳಿಯುವ ಬಾವಿಯಂಥ ಶಾಫ್ಟಿನ ಬಾಯಲ್ಲಿ ನಿಂತು, ಹಗ್ಗಕ್ಕೆ ತೂಗುವ ಕೇಜಿಗೆ ಜನರನ್ನು ಹತ್ತಿಸಿ ಇಳಿಸುವ ಬ್ಯಾಂಕ್ಸ್‌ಮನ್ ಆಗಿದ್ದರು. ಕೆಳಗಿಳಿಯುವ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವಾಗ ಹಲಗೆಯ ಮೊಳೆಯಿಂದ ತನ್ನ ನಂಬರಿನ ಬಿಲ್ಲೆ ತೆಗೆದುಕೊಳ್ಳಬೇಕು, ಮೇಲೆ ಬಂದಾಗ ಅಲ್ಲೇ ತಗಲಿಹಾಕಬೇಕು. ಒಂದು ಮೊಳೆ ಖಾಲಿ ಇದ್ದರೂ ಒಬ್ಬ ಇನ್ನೂ ಕೆಳಗಿದ್ದಾನೆ ಎಂದೇ ಲೆಕ್ಕ. ಅವನು ಮೇಲೆ ಬರುವವರೆಗೆ ಮಾಮ ಹಲಗೆಯ ಬಾಗಿಲು ಮುಚ್ಚುತ್ತಿರಲಿಲ್ಲ, ಪಾಳಿ ಮುಗಿದಿದ್ದರೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. "ಇಪ್ಪತ್ತಾರು ವರ್ಸ ಕಣಮ್ಮಾ. ನನ್ ಪಾಳೀಲಿ ಒಂದು ಮೊಳೆ ಖಾಲಿ ಉಳೀಲಿಲ್ಲ" ಎಂದು ಹೇಳುವಾಗ ಅವರ ಕುತ್ತಿಗೆ ಒಂದಿಂಚು ಉದ್ದವಾಗುತ್ತಿತ್ತು.

ಒಂದೊಂದೇ ಶಾಫ್ಟು ನಿಲ್ಲುತ್ತ ಬಂದಾಗ ಮಾಮನೂ ಸ್ವಯಂ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿ ಮನೆಗೆ ಬಂದಿದ್ದರು. ಬಂದರು ಸರಿ, ಎಣಿಸುವುದಕ್ಕೆ ಏನೂ ಇಲ್ಲ. ಬೆಳಿಗ್ಗೆ ಸೈರನ್ ಕೂಗಿದರೆ ಎದ್ದು ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. ಅತ್ತೆ, ಅಂದರೆ ಅವರ ಹೆಂಡತಿ, ಅದನ್ನು ಹೇಳಿದ್ದು ಹೀಗೆ: "ನಾನು ಸೊಪ್ಪು ಬಿಡಿಸ್ತಾ ಕುಂತ್ರೆ ಸೊಪ್ಪಿನ ಕಡ್ಡಿ ಎಣಿಸೋರು. ಲೈನ್ ಮನೆಗಳ ಕೋಳಿ ಎಣಿಸೋರು. ಪಕ್ಕದ್ಮನೆಯೋಳು ಜಗಳಕ್ಕೆ ಬಂದ್ಲು, ನಿನ್ ಗಂಡ ನನ್ ಕೋಳಿ ಮ್ಯಾಲೆ ಕಣ್ಣಾಕವ್ನೆ ಅಂತ. ಆ ಹಾಳಾದ ಡಬ್ಬ ಬಂದ್ಮೇಲೆ ಮನೆಗೆ ನೆಮ್ಮದಿ ಬಂತು."

ಡಬ್ಬದೊಳಗೆ ಮಾಮ ಮೂವತ್ತು ಮರಿಗಳನ್ನು ಹಿಡಿದಿದ್ದರು. ಎಣ್ಣೆ ಡಬ್ಬದ ತಗಡು ಕತ್ತರಿಸಿ ಮೂವತ್ತು ಬಿಲ್ಲೆ ಮಾಡಿ, ಮೊಳೆಯಿಂದ ಕುಟ್ಟಿ ನಂಬರು ಮೂಡಿಸಿ, ಒಂದು ಹಲಗೆಗೆ ನೇತುಹಾಕಿದ್ದರು. ಆಟ ಶುರುಮಾಡುವಾಗ ಹೊರಡುವ ಮರಿಗಳ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಳ್ಳುವುದು, ಮುಗಿದ ಮೇಲೆ ಊರಿಗೆ ವಾಪಸು ಕರೆತಂದು, ಗಾಯ ವಾಸಿ ಮಾಡಿಸಿ, ಬಿಲ್ಲೆ ತಗಲಿಹಾಕಿ, ಆಮೇಲೆ ಸ್ವಿಚ್ ಆರಿಸುವುದು. ಸಾರು ಆರಿದರೂ ಸರಿ, ಗುಹೆಯ ನಡುವೆ ಬಿಟ್ಟು ಊಟಕ್ಕೆ ಏಳುತ್ತಿರಲಿಲ್ಲ.

ಇದೆಲ್ಲ ಕೇಳಲು ಚೆನ್ನ. ಆಟಕ್ಕೆ ಮಾತ್ರ ಇದು ಆಗಿಬರಲಿಲ್ಲ. ಒಂದು ಸಲಕ್ಕೆ ಕೈಯಲ್ಲಿ ಆರೇ ಮರಿ ಇಟ್ಟುಕೊಳ್ಳಬಹುದು, ಮಿಕ್ಕವು ಉಗ್ರಾಣದಲ್ಲಿ. ಎಲ್ಲರೂ ಒಳ್ಳೆಯ ಆರನ್ನು ಆರಿಸಿಕೊಂಡು ಅವನ್ನೇ ಬಲಿಸುತ್ತಾರೆ. ಮಾಮ ಮೂವತ್ತನ್ನು ಐದು ಗ್ಯಾಂಗ್ ಮಾಡಿ ಪಾಳಿ ಹಾಕಿದ್ದರು! ಇವತ್ತು ಒಂದನೇ ಗ್ಯಾಂಗು, ನಾಳೆ ಎರಡನೇದು. ಯಾರಿಗೂ ಒಂದು ಕಾದಾಟ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಗಾಗಿ ಮೂವತ್ತೂ ಸಮಸಮ ಬೆಳೆದು, ಮೂವತ್ತೂ ಸಮಸಮ ಬಡಕಲಾಗಿ, ಐದನೇ ಊರಿನ ಗುರುವಿನ ಕೈಯಲ್ಲಿ ವರ್ಷದಿಂದ ಒದೆ ತಿನ್ನುತ್ತಿದ್ದವು.

"ಮಾಮ, ಒಂದನ್ನ ಗಟ್ಟಿ ಮಾಡಿ ನುಗ್ಗಿಸಿ. ಗೆದ್ದೇ ಗೆಲ್ತೀರ" ಎಂದೆ.

"ಮಿಕ್ಕೋರು?"

"ಉಗ್ರಾಣದಲ್ಲಿರ್ಲಿ. ಅವು ಕೇಳ್ತಾವಾ?"

"ಕೇಳಲ್ಲಮ್ಮಣ್ಣಿ, ಅದ್ಕೇ ಅಂಗೆ ಮಾಡಬಾರ್ದು" ಎಂದರು. "ಒಬ್ಬನ್ನೇ ದುಡ್ಸಿ ಇಪ್ಪತ್ತೊಂಬತ್ತು ಜನನ್ನ ಕತ್ತಲಾಗೆ ಕೂರ್ಸೋಕೆ ಇಡ್ದು ತಂದ್ನಾ ನಾನು? ಬ್ಯಾಡ ಬಿಡು. ಐದ್ನೇ ಊರೇ ಚೆಂದಾಗೈತೆ."

ಹಟ ಅಂದರೆ ಹಟ. ಕತ್ತೆಗೆ ಹೇಳಿದರೂ ಕೇಳೀತು ಎಂದು ಗೊಣಗಿಕೊಂಡೆ.

ಅವರ ಕೊರಗು ಗುರುವಿನದಲ್ಲ, ಲ್ಯಾಂಪುವಿನದು. ಗುಹೆಯಲ್ಲಿ ಅವರಿಗೆ ಮೊಟ್ಟಮೊದಲು ಸಿಕ್ಕಿದ್ದ ಮರಿ ಅದು. ಮೈ ಕಪ್ಪು, ಹಣೆಯ ಮೇಲೆ ಒಂದೇ ಒಂದು ಬಿಳಿ ಚುಕ್ಕಿ, ಗಣಿಯ ಟೋಪಿಗೆ ಹಾಕುವ ದೀಪದ ಹಾಗೆ. ಒಂದನೇ ನಂಬರಿನ ಬಿಲ್ಲೆ ಅದರದು. ಮಿಕ್ಕ ಮರಿಗಳೆಲ್ಲ ಒಂದಲ್ಲ ಒಂದು ದಿನ ರೂಪ ಬದಲಾಯಿಸಿ ದೊಡ್ಡವಾದರೂ ಲ್ಯಾಂಪು ಮಾತ್ರ ಹೆಗ್ಗಣವಾಗಿಯೇ ಉಳಿದಿತ್ತು. "ಎಲ್ಲಾರ್ಗೂ ಮಾಡ್ದಂಗೇ ಇವ್ನಿಗೂ ಮಾಡ್ದೆ. ನನ್ ಕೈಯಾಗೇ ಏನೋ ಕೊರೆ ಐತೆ" ಎನ್ನುತ್ತಿದ್ದರು. ಆಟದ ಮರಿ ಬೆಳೆಯಲಿಲ್ಲವೆಂದು ದೊಡ್ಡ ಮನುಷ್ಯರೊಬ್ಬರು ಮುಖ ಸಣ್ಣ ಮಾಡಿಕೊಂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ತಮಾಷೆ ಮಾಡಲು ಬಾಯಿ ತೆರೆದವಳು ಅವರಿಗೆ ಟೀ ತರಿಸಿದೆ.

ಒಂದು ಸೋಮವಾರ ಮಾಮ ರೈಲಿಳಿದು ಓಡುತ್ತಲೇ ಬಂದರು. ಬೆಳಿಗ್ಗೆ ಸ್ವಿಚ್ ಹಾಕಿದರೆ ಒಳಗೆ ಯಾರೂ ಇಲ್ಲವಂತೆ. ಹೊಸ ಆಟ ಶುರುಮಾಡು ಎನ್ನುವ ಒಂದೇ ಸಾಲು. ಮೂರು ಸಲ ಆರಿಸಿ ಹಾಕಿದ ಮೇಲೆ ಮೂವತ್ತೂ ಹಿಂತಿರುಗಿದ್ದವು. ಕ್ಯಾಸೆಟ್ ಬಿಚ್ಚಿ ನೋಡಿದೆ. ಒಳಗೆ ಅಂಗಿ ಗುಂಡಿಯಂಥದೊಂದು ಸೆಲ್. ಮರಿಗಳ ನೆನಪನ್ನೆಲ್ಲ ಹಿಡಿದಿಡುವುದು ಅದೇ. ಮೀಟರ್ ಹಚ್ಚಿ ನೋಡಿದರೆ ಸಾಯುತ್ತ ಬಂದಿತ್ತು.

"ಬೇರೆ ಆಕ್ಬಿಡು" ಎಂದರು.

"ಹಾಕಬಹುದು ಮಾಮ. ಆದ್ರೆ ಇದನ್ನ ತೆಗೆದ ಕ್ಷಣ ಒಳಗಿರೋದೆಲ್ಲ ಅಳಿಸಿಹೋಗುತ್ತೆ."

ಆಚೆಯಿಂದ ಕರೆಂಟು ಕೊಟ್ಟುಕೊಂಡೇ ಸೆಲ್ ಬದಲಿಸುವ ಉಪಾಯವೊಂದಿದೆ. ಅಂಗಡಿಯಲ್ಲಿ ಬಿದ್ದಿದ್ದ, ಟಿವಿಗೆ ಹಾಕುವ ಗೇಮಿನ ಹಳೇ ಕ್ಯಾಸೆಟ್ಟಿನಲ್ಲಿ ಅವರ ಎದುರಿಗೇ ಮಾಡಿ ನೋಡಿದೆ. ಮೊದಲ ಸಲ ಸರಿಹೋಯಿತು, ಎರಡನೆಯ ಸಲ ಕೈ ಕೂದಲೆಳೆಯಷ್ಟು ಅಲುಗಿ ಎಲ್ಲ ಹೋಯಿತು. ಮಾಮ ತಮ್ಮ ಕ್ಯಾಸೆಟ್ಟನ್ನು ಮೆಲ್ಲಗೆ ಮೇಜಿನಿಂದ ಎತ್ತಿಕೊಂಡರು.

"ಕೇಜಿನಾಗೆ ಜನ ಇರೋವಾಗ ಅಗ್ಗ ಬದಲಾಯಿಸ್ತಾರೇನಮ್ಮಣ್ಣಿ? ಮೊದ್ಲು ಜನನ್ನ ಇಳಿಸ್ಬೇಕು."

ಇಳಿಸುವುದು ಎಲ್ಲಿಗೆ? ಡಬ್ಬದ ಪಕ್ಕದಲ್ಲಿ ಒಂದು ಚಿಕ್ಕ ತೂತಿತ್ತು, ವೈರು ಸಿಕ್ಕಿಸುವುದಕ್ಕೆ. ಇನ್ನೊಂದು ಇಂಥದೇ ಡಬ್ಬ, ಇಂಥದೇ ಆಟ ಇದ್ದರೆ ವೈರಿನ ಮೂಲಕ ಮರಿಗಳನ್ನು ಆ ಕಡೆಗೆ ಕಳಿಸಬಹುದು ಎಂದು ತಂಗಿಯ ಮಗ ಹೇಳಿದ್ದನಂತೆ. ಕೋಲಾರದಿಂದ ಕುಪ್ಪಂವರೆಗೆ ವಿಚಾರಿಸಿದರೂ ಇನ್ನೊಂದು ಡಬ್ಬ ಸಿಗಲಿಲ್ಲ. ಹಡಗಿಗೆ ಕಾಗದ ಹೋಯಿತು. ಐದು ತಿಂಗಳು ಕಾದೆವು. ಆ ಐದು ತಿಂಗಳೂ ಮಾಮ ಬೆಳಿಗ್ಗೆ ಒಂದು ಸಲ ಮಾತ್ರ ಸ್ವಿಚ್ ಹಾಕಿ, ಎಣಿಸಿ, ಆರಿಸುತ್ತಿದ್ದರು. ಪಾಳಿ ಬಂದ್. ಸೋಮವಾರ ಅಂಗಡಿಗೆ ಬಂದು "ಅವ್ರೆ" ಎಂದಷ್ಟೇ ಹೇಳಿ ಹೋಗುತ್ತಿದ್ದರು.

ಕೊನೆಗೆ ಅದೇ ಆಟವಿದ್ದ ಇನ್ನೊಂದು ಡಬ್ಬ ಬಂತು. ಹಳೆಯದು, ಮೂಲೆ ಒಡೆದದ್ದು, ಜೊತೆಗೆ ಒಂದು ವೈರು. ಆದರೆ ಆಟದ ಕಟ್ಟಳೆ ಎಂದರೆ ತಲೆಗೆ ತಲೆ. ಆ ಕಡೆಯಿಂದ ಒಂದು ಬರಬೇಕಾದರೆ ಈ ಕಡೆಯಿಂದ ಒಂದು ಹೋಗಬೇಕು. ಮೂವತ್ತು ಬರಲು ನಾನು ಮೂವತ್ತು ಹಿಡಿಯಬೇಕು.

ಶುರುಮಾಡಿದ್ದು ಮಾಮನಿಗಾಗಿ. ಒಂದು ವಾರದಲ್ಲಿ ನನಗೇ ಹುಚ್ಚು ಹಿಡಿಯಿತು, ಸುಳ್ಳೇಕೆ ಹೇಳಲಿ! ಅಪ್ಪ ಒಳಗೆ ಮಲಗಿದ್ದರೆ ನಾನು ಬಿಚ್ಚಿಟ್ಟ ರೇಡಿಯೊಗಳ ನಡುವೆ ಕೂತು ಹುಲ್ಲಿನಲ್ಲಿ ಅಲೆಯುತ್ತಿದ್ದೆ. ಮುಂದಿನ ಹೆಜ್ಜೆಗೆ ಏನು ಹಾರಿ ಬರುತ್ತದೋ ಎನ್ನುವ ಆಸೆ ಬೆರಳನ್ನು ಬಿಡುವುದಿಲ್ಲ. ಬೇಕಾದ್ದು ಬರುವುದಿಲ್ಲ, ಬೇಡದ ಹುಳವೇ ಹತ್ತು ಸಲ ಬರುತ್ತದೆ. ಅಪರೂಪದ್ದು ಬಂದಾಗ ಬಲೆ ಮುಗಿದಿರುತ್ತದೆ. ಒಂದೇ ಕಾದಾಟ ನೂರು ಸಲ ಆಡಿ ಆಡಿ ಹೆಬ್ಬೆರಳು ಜೋಮು ಹಿಡಿಯುತ್ತದೆ, ಥೂ, ಇದೆಂಥ ಆಟ ಅನ್ನಿಸುತ್ತದೆ. ಅಷ್ಟರಲ್ಲಿ, ಇಷ್ಟು ದಿನ ಒದೆ ತಿಂದು ಮೂಲೆಯಲ್ಲಿದ್ದ ಮರಿ ಮೈಮುರಿದೆದ್ದು ದೊಡ್ಡದಾಗುತ್ತದೆ. ಅದನ್ನು ಹಾಗೆ ಮಾಡಿದ್ದು ನಾನೇ ಎನ್ನುವ ಹೆಮ್ಮೆ ಬೇರೆ. ನನ್ನನ್ನು ಯಾರೂ ಮೆಕ್ಯಾನಿಕ್ ಎಂದು ಒಪ್ಪದಿದ್ದ ಆ ದಿನಗಳಲ್ಲಿ ಆ ಹೆಮ್ಮೆ ನನಗೆ ಬೇಕಾಗಿತ್ತು.

ಒಂದನ್ನೇ ಚೆನ್ನಾಗಿ ಬಲಿಸಿ ಮೂರೇ ವಾರದಲ್ಲಿ ಐದನೇ ಊರಿನ ಗುರುವನ್ನು ಉರುಳಿಸಿದೆ. ಮಾಮನಿಗೆ ಬೀಗಿಕೊಂಡು ತೋರಿಸಿದೆ. ಅವರು ನೋಡಿ, "ಬೇಷ್" ಎಂದರು. ಆಮೇಲೆ "ಮಿಕ್ಕೋರಿಗೆ ಏಳಿದ್ಯಾ, ಗೆದ್ವಿ ಅಂತ?" ಎಂದು ಕೇಳಿದರು. ನಾಚಿಕೆಯಾಯಿತು. ಯಾಕೆ ನಾಚಿಕೆ ಎಂದು ಈಗಲೂ ಗೊತ್ತಿಲ್ಲ.

ಮೂವತ್ತು ಹುಳ ಹಿಡಿದು ಮುಗಿಸಿದ ವಾರ ಮಾಮ ಬಿಲ್ಲೆಯ ಹಲಗೆಯನ್ನೇ ಹೊತ್ತುಕೊಂಡು ಬಂದರು. ಒಗೆದ ಅಂಗಿ, ಹಣೆಗೆ ವಿಭೂತಿ. ಅತ್ತೆಯೂ ಬಂದಿದ್ದರು. "ಮಗಳ ಮದ್ವೆ ದಿನಾನೂ ಈ ಮನುಸ ಇಷ್ಟು ಚೆಂದಾಗಿ ತಲೆ ಬಾಚಿರ್ಲಿಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿ ಬೆಂಚಿನ ಮೇಲೆ ಕೂತರು.

ಎರಡು ಡಬ್ಬ, ನಡುವೆ ವೈರು. ಪ್ರತಿ ಸಲವೂ ಒತ್ತುವ ಮೊದಲು ಮಾಮ ಬೆರಳ ಗೆಣ್ಣಿನಿಂದ ಮೇಜಿಗೆ ಮೂರು ಸಲ ತಟ್ಟುತ್ತಿದ್ದರು. ಗಣಿಯಲ್ಲಿ ಮೂರು ಸಲ ಗಂಟೆ ಹೊಡೆದರೆ ಕೇಜಿನಲ್ಲಿ ಜನರಿದ್ದಾರೆ, ಜೋಪಾನ ಎಂದು. ಒಂದು ಮರಿ ವೈರಿನೊಳಗೆ ಸರಿದು ನನ್ನ ಪರದೆಯಲ್ಲಿ ಏಳುತ್ತಿದ್ದಂತೆ ಅದರ ಬಿಲ್ಲೆ ಹಲಗೆಯಿಂದ ಇಳಿದು ನನ್ನ ಅಂಗೈಗೆ. ಹದಿನೇಳನೆಯದು ದಾಟುವಾಗ ಯಾರೋ ಗಿರಾಕಿ ಬಂದು ತನ್ನ ಟೇಪ್ ರೆಕಾರ್ಡರನ್ನು ಧಡ್ಡೆಂದು ಮೇಜಿನ ಮೇಲಿಟ್ಟ. ವೈರು ಅಲುಗಿತು. ಎರಡೂ ಪರದೆ ಹಾಗೇ ನಿಂತುಬಿಟ್ಟವು. ಮಾಮ ಕೂಗಾಡಲಿಲ್ಲ. ಹದಿನೇಳನೇ ಬಿಲ್ಲೆಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡು, "ಆರ್ಸಿ ಆಕಮ್ಮಣ್ಣಿ" ಎಂದರು. ಆರಿಸಿ ಹಾಕಿದೆ. ಮರಿ ಅವರ ಕಡೆಯೇ ಇತ್ತು. ಅತ್ತೆ ಆ ಗಿರಾಕಿಗೆ ತೆಲುಗಿನಲ್ಲಿ ಹರಸಿದ ಹರಕೆಯನ್ನು ಇಲ್ಲಿ ಬರೆಯಲಾರೆ.

ಲ್ಯಾಂಪುವನ್ನು ಮಾಮ ಕೊನೆಗೆ ಉಳಿಸಿಕೊಂಡಿದ್ದರು. ಮೂರು ಸಲ ತಟ್ಟಿ ಒತ್ತಿದರು. ಹೆಗ್ಗಣ ವೈರಿನೊಳಗೆ ಹೋಯಿತು. ನನ್ನ ಪರದೆಯಲ್ಲಿ ಎದ್ದಿತು. ಎದ್ದದ್ದು ಸುಮ್ಮನೆ ನಿಲ್ಲಲಿಲ್ಲ. ಪರದೆ ಬೆಳ್ಳಗಾಯಿತು, ಮರಿ ನಡುಗಿತು, ಉಬ್ಬಿತು. ನೋಡನೋಡುತ್ತಲೇ ಎರಡು ಕಾಲ ಮೇಲೆ ನಿಂತ ಭಾರಿ ಪ್ರಾಣಿಯಾಯಿತು. ಹಣೆಯ ಚುಕ್ಕಿ ಈಗ ಇಡೀ ಮುಖದಷ್ಟಿತ್ತು. ಆ ಜಾತಿಯದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೆ ಮಾತ್ರ ಬೆಳೆಯುವಂಥದು ಎಂದು ಜಪಾನಿಯಲ್ಲಿ ಎಲ್ಲೋ ಬರೆದಿತ್ತೋ ಏನೋ. ಓದುವವರು ಯಾರು?

"ಮಾಮ! ಬೆಳೆದ! ಲ್ಯಾಂಪು ಬೆಳೆದ!" ಎಂದು ಕುಣಿದೆ.

ಮಾಮ ನನ್ನ ಡಬ್ಬವನ್ನು ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದರು. "ಮೂರು ವರ್ಸ ಇಟ್ಕೊಂಡು ಕುಂತಿದ್ದೆ. ಬಿಟ್ಟಿದ್ದಕ್ಕೆ ಬೆಳ್ದ" ಎಂದರು. ಸಂತೋಷವೇ ಆಗಿತ್ತು ಅವರಿಗೆ, ಕಣ್ಣು ಮಾತ್ರ ತುಂಬಿತ್ತು. ಅತ್ತೆ ಬೆಂಚಿನಿಂದಲೇ "ನನ್ ಕೈ ಬಿಟ್ಟಿದ್ರೆ ನಾನೂ ಬೆಳೀತಿದ್ನೇನೋ" ಎಂದು ನಗಿಸಿದರು.

ಇನ್ನು ಸೆಲ್ ಬದಲಿಸಬೇಕು. ಸೋಲ್ಡರಿಂಗ್ ಐರನ್ ಕಾಯಿಸುತ್ತಿದ್ದೆ. ಮಾಮ "ತಾಳು, ಈ ಉಳುಗಳು?" ಎಂದರು. ನಾನು ಕಳಿಸಿದ ಮೂವತ್ತು ಹುಳ ಈಗ ಅವರ ಕ್ಯಾಸೆಟ್ಟಿನಲ್ಲಿದ್ದವು. "ಅಯ್ಯೋ, ಅವು ಬರೀ ಹುಳ ಮಾಮ" ಎಂದೆ. ಅವರು ಕೇಳಲಿಲ್ಲ. ಮರಿಯನ್ನು ಕಾಡಿಗೆ ವಾಪಸು ಬಿಡುವ ಸಾಲೊಂದು ಆಟದಲ್ಲಿದೆ. ಒಂದೊಂದನ್ನೇ "ಓಗು, ಮನೆಗೋಗು" ಎಂದು ಬಿಟ್ಟರು. ಇಪ್ಪತ್ತೊಂಬತ್ತು ಹೋದವು. ಕೊನೆಯದನ್ನು ಬಿಡಲು ಆಟ ಒಪ್ಪುವುದಿಲ್ಲ, ಕೈಯಲ್ಲಿ ಒಂದಾದರೂ ಇರಲೇಬೇಕು. ಮಾಮ ನಾಲ್ಕು ಸಲ ಒತ್ತಿ ನೋಡಿ, ಕ್ಯಾಸೆಟ್ಟನ್ನು ನನ್ನ ಮುಂದಿಟ್ಟು, "ನಾನು ಆಚೆ ಇರ್ತೀನಿ. ನೀನೇ ಮಾಡು" ಎಂದು ರಸ್ತೆಗಿಳಿದರು. ಸೆಲ್ ಬಿಚ್ಚುವ ಮೊದಲು ನಾನೂ ಮೇಜಿಗೆ ಮೂರು ಸಲ ತಟ್ಟಿದೆ. ಒಂದು ಹುಳ ಅಷ್ಟೇ, ಆದರೂ ತಟ್ಟಿದೆ.

ವಾಪಸು ಪಡೆಯುವುದಕ್ಕೂ ಅದೇ ಕಟ್ಟಳೆ, ತಲೆಗೆ ತಲೆ. ಈ ಸಲ ಹುಳ ಹಿಡಿಯುವ ಸರದಿ ಮಾಮನದು. ಎರಡು ತಿಂಗಳಾದ ಮೇಲೆ ಇನ್ನೊಂದು ಸೋಮವಾರ ಹಲಗೆ, ವೈರು, ಮೂರು ತಟ್ಟು. ಒಂದೊಂದೇ ಮರಿ ಅವರ ಕಡೆಗೆ ದಾಟಿದಂತೆ ಒಂದೊಂದೇ ಬಿಲ್ಲೆ ಮೊಳೆಗೆ ಹತ್ತಿತು. ಇಪ್ಪತ್ತೊಂಬತ್ತಾದವು. ಒಂದನೇ ನಂಬರಿನ ಬಿಲ್ಲೆ ನನ್ನ ಕೈಯಲ್ಲಿತ್ತು. ಚಾಚಿದೆ. ಅವರು ವೈರು ಕಿತ್ತರು.

"ಅವ್ನು ನಿನ್ ಕಡೆ ಬಂದು ದೊಡ್ಡೋನಾದ. ಅಲ್ಲೇ ಇರ್ಲಿ."

"ಮೊಳೆ ಖಾಲಿ ಉಳಿಯುತ್ತಲ್ಲ ಮಾಮ?"

"ಉಳೀಲಿ ಬಿಡಮ್ಮಣ್ಣಿ. ಮೊಳೆ ಖಾಲಿ ಇದ್ರೆ ಪಾಳಿ ಮುಗ್ದಿಲ್ಲ ಅಂತ. ಬ್ಯಾಂಕ್ಸ್‌ಮನ್ ಜಾಗ ಬಿಟ್ಟು ಓಗಂಗಿಲ್ಲ. ನಾನು ಬತ್ತಿರ್ಬೇಕಾಯ್ತದೆ" ಎಂದು, ಇಪ್ಪತ್ತಾರು ವರ್ಷ ಒಂದು ಮೊಳೆಯನ್ನೂ ಖಾಲಿ ಬಿಡದ ಮನುಷ್ಯ ನಕ್ಕುಬಿಟ್ಟರು.

ಬಂದರು. ಎಷ್ಟು ಸೋಮವಾರ! ಬಂದು, ನನ್ನ ಡಬ್ಬ ಹಾಕಿಸಿ, ಲ್ಯಾಂಪುವನ್ನು ನೋಡಿ, "ಅವ್ನೆ" ಎಂದು, ಒಂದು ಟೀ ಕುಡಿದು, ಸಂಜೆಯ ರೈಲಿಗೆ ಹೋಗುವರು. ಅಂಗಡಿಗೆ ಬಂದ ಯಾರಾದರೂ "ಅಪ್ಪ ಇಲ್ವೇನಮ್ಮಾ?" ಎಂದರೆ ಬೆಂಚಿನಿಂದಲೇ "ಮೇಸ್ತ್ರಿ ಅಲ್ಲೇ ಕುಂತವ್ರಲ್ಲಯ್ಯಾ, ಕಣ್ ಕಾಣ್ಸಲ್ವಾ?" ಎಂದು ಗದರುವರು. ನನ್ನನ್ನು ಮೇಸ್ತ್ರಿ ಎಂದು ಕರೆದ ಮೊದಲಿಗರು ಅವರೇ. ಮಾತಿನ ನಡುವೆ ಕೆಮ್ಮು ಹತ್ತುತ್ತಿತ್ತು. "ಗಣಿ ದೂಳು, ಅದ್ಕೂ ಒಂದು ಬಿಲ್ಲೆ ಮಾಡಿಕೊಡ್ಬೇಕು" ಎನ್ನುವರು. ಕೆಮ್ಮು ಬಲಿಯಿತು. ಮಗಳು ಬಂದು ಕುಪ್ಪಂಗೆ ಕರೆದುಕೊಂಡು ಹೋದಳು. ಒಂದು ಸೋಮವಾರ ಬರಲಿಲ್ಲ, ಎರಡನೆಯದೂ ಬರಲಿಲ್ಲ. ನಾನು ಹೋಗಿ ನೋಡಬಹುದಿತ್ತು. ರೈಲಿನಲ್ಲಿ ಎಷ್ಟು ಮಹಾ ದೂರ, ಹೋಗಲಿಲ್ಲ. ಬರುತ್ತಾರಲ್ಲ, ಮೊಳೆ ಖಾಲಿ ಇದೆಯಲ್ಲ ಎಂದುಕೊಂಡೆ. ಆ ತಪ್ಪು ಈಗಲೂ ಎದೆಯಲ್ಲಿ ಕುಟುಕುತ್ತದೆ.

ಅತ್ತೆ ಬಂದಾಗ ತಿಥಿಯೂ ಕಳೆದಿತ್ತು. ಹಳೇ ಸೀರೆಯಲ್ಲಿ ಸುತ್ತಿದ ಹಲಗೆಯನ್ನು ಮೇಜಿನ ಮೇಲಿಟ್ಟರು. ಡಬ್ಬವನ್ನು ತಂಗಿಯ ಮಗನೇ ವಾಪಸು ಹಡಗಿಗೆ ತೆಗೆದುಕೊಂಡು ಹೋಗಿದ್ದನಂತೆ. ಇಪ್ಪತ್ತೊಂಬತ್ತು ಮರಿಗಳೂ ಎಲ್ಲೋ ಸಮುದ್ರದ ಮೇಲೆ.

"ಕೊನೇ ದಿನಗಳಾಗೆ ಮಾತು ಕಮ್ಮಿಯಾಗಿತ್ತು ಕಣಮ್ಮಾ. ಆದ್ರೂ ಇದ್ನ ಮಂಚದ ಎದ್ರಿಗೇ ತಗಲಾಕ್ಸಿದ್ರು" ಎಂದರು ಅತ್ತೆ. "ಬೆಳಗಾದ್ರೆ ಎಣಿಸೋರು. ಇಪ್ಪತ್ತೊಂಬತ್ತಕ್ಕೆ ನಿಲ್ಸಿ ನನ್ ಮುಕ ನೋಡೋರು. ನಾನು, ಬಂಗಾರಪೇಟೇಲವ್ನೆ ಅನ್ನೋಳು. ಆಂ ಅನ್ನೋರು." ಸೆರಗಿನಿಂದ ಮೂಗೊರೆಸಿಕೊಂಡು, "ನಿನ್ನತ್ರ ಐತಲ್ಲ ಆ ಬಿಲ್ಲೆ, ತಗಲಾಕ್ಬಿಡು. ಮುಗೀತಲ್ಲ" ಎಂದರು.

ಡ್ರಾಯರಿನಿಂದ ಬಿಲ್ಲೆ ತೆಗೆದೆ. ಮೊಳೆಯವರೆಗೂ ಕೈ ಹೋಯಿತು. ಹಾಕಲಾಗಲಿಲ್ಲ. "ಇನ್ನೂ ಒಬ್ಬ ಕೆಳಗಿದ್ದಾನೆ ಅತ್ತೆ" ಎಂದು ಡಬ್ಬದ ಸ್ವಿಚ್ ಹಾಕಿ ಲ್ಯಾಂಪುವನ್ನು ತೋರಿಸಿದೆ. ಅತ್ತೆ ಅದನ್ನು ನೋಡಿದರು. ಅವರ ಗಂಡ ಹೇಳುತ್ತಿದ್ದ ಹಾಗೆಯೇ "ಅವ್ನೆ" ಎಂದರು. ಆಮೇಲೆ ಇಬ್ಬರೂ ಅತ್ತೆವು.

ಕೆಲವು ವರ್ಷಗಳಾದ ಮೇಲೆ ನನ್ನ ಕ್ಯಾಸೆಟ್ಟಿನ ಸೆಲ್ಲೂ ಕೈಕೊಡತೊಡಗಿತು. ಒಮ್ಮೆ ಮರಿಗಳು ಕಾಣುತ್ತಿರಲಿಲ್ಲ, ಒಮ್ಮೆ ಬರುತ್ತಿದ್ದವು. ಹೊಸ ಸೆಲ್ ಡ್ರಾಯರಿನಲ್ಲೇ ಇತ್ತು, ಕಾಯಿಸಿದ ಐರನ್ನೂ ಕೈಯಲ್ಲಿತ್ತು. ಅಷ್ಟು ಹೊತ್ತಿಗೆ ನನ್ನ ಕೈ ಪಳಗಿತ್ತು. ಇಡೀ ತಾಲ್ಲೂಕಿನ ಟಿವಿ ನನ್ನ ಮೇಜಿಗೆ ಬರುತ್ತಿದ್ದ ಕಾಲ ಅದು. ಆದರೂ ಪ್ರತಿ ಸಲ ಮಾಮನ ಮಾತು ಕಿವಿಗೆ ಬೀಳುತ್ತಿತ್ತು. ಕೇಜಿನಲ್ಲಿ ಜನ ಇರುವಾಗ ಹಗ್ಗ ಬದಲಾಯಿಸುತ್ತಾರೇನಮ್ಮಣ್ಣಿ? ಮೊದಲು ಇಳಿಸಬೇಕು. ವೈರು ನನ್ನ ಹತ್ತಿರವೇ ಇತ್ತು. ಅದರ ಆ ಕಡೆಗೆ ಯಾರೂ ಇರಲಿಲ್ಲ.

ಹಾಗೇ ಬಿಟ್ಟೆ. ಒಂದು ಬೆಳಿಗ್ಗೆ ಸ್ವಿಚ್ ಹಾಕಿದರೆ ಹೊಸ ಆಟ ಶುರುಮಾಡು ಎನ್ನುವ ಒಂದೇ ಸಾಲು. ಮೂರು ಸಲ ಆರಿಸಿ ಹಾಕಿದೆ. ಹತ್ತು ಸಲ ಹಾಕಿದೆ. ಅದೇ ಸಾಲು.

ಹಲಗೆ ಈಗಲೂ ಅಂಗಡಿಯ ಗೋಡೆಯ ಮೇಲಿದೆ. ಗಿರಾಕಿಗಳು ಕೇಳುತ್ತಾರೆ, "ಒಂದು ಬಿದ್ದೋಗಿದೆ ಅನ್ಸುತ್ತೆ ಮೇಡಂ?" ಬಿದ್ದಿಲ್ಲ. ನನ್ನ ಡ್ರಾಯರಿನಲ್ಲಿದೆ, ಒಂದನೇ ನಂಬರು. ಬಾಗಿಲು ಹಾಕುವ ಮುಂಚೆ ಮೇಲಿನ ಸಾಲಿನಿಂದ ಎಣಿಸುತ್ತೇನೆ. ಇಪ್ಪತ್ತೊಂಬತ್ತಕ್ಕೆ ನಿಲ್ಲುತ್ತದೆ. ತಗಲಿಹಾಕಿಬಿಟ್ಟರೆ ಎಣಿಕೆ ಸರಿಹೋಗುತ್ತದೆ, ನನಗೂ ಗೊತ್ತು. ಆದರೆ ಎಣಿಕೆ ಸರಿಹೋದರೆ ಪಾಳಿ ಮುಗಿದಂತೆ, ಪಾಳಿ ಮುಗಿದರೆ ಬ್ಯಾಂಕ್ಸ್‌ಮನ್ ಮನೆಗೆ ಹೋಗಿಬಿಡುತ್ತಾರೆ. ಸೋಮವಾರ ಮಧ್ಯಾಹ್ನದ ರೈಲು ಬಂದ ಸದ್ದಾದಾಗ ನಾನು ಇವತ್ತಿಗೂ ಬೆಂಚಿನ ಮೇಲಿನ ಸಾಮಾನು ತೆಗೆದು ಕೆಳಗಿಡುತ್ತೇನೆ.